ಶರಾವತಿಯ ಅಳಿವೆಗೆ ದೋಣಿಯನ್ನು ಹೊತ್ತು

ಶಿವಮೊಗ್ಗೆಯಿಂದ ಸಾಗರ, ತಾಳಗುಪ್ಪಗಳ ಮಾರ್ಗವಾಗಿ ಹೊನ್ನಾವರಕ್ಕೆ ಇಳಿದವರು ಅನೇಕರುಂಟು. ನದಿಯನ್ನು ಕಾಣಲು ಹೋಗುವಾಗ ದೋಣಿಯನ್ನೂ ಗಾಡಿಯ ತಲೆಯ ಮೇಲೆ ಹೊತ್ತು ಹೋದವರು ವಿರಳ. ಕಳೆದ ಮಾರ್ಗಶಿರದಲ್ಲಿ ನಾನು ನನ್ನ ಸೋದರಳಿಯನೊಡನೆ ಹಾಗೆ ಹೋದೆನು.

ಆ ದೋಣಿಗೆ ಕಯಾಕ್ ಎಂದು ಹೆಸರು. ಗ್ರೀನ್‌ಲೆಂಡ್ ಮೊದಲಾದ ಹಿಮಪ್ರದೇಶಗಳ ಇನ್ಯುಯಿಟ್ ಜನರು ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಎಂಬ ಪ್ರಾಣಿಯ ಚರ್ಮವನ್ನು ಹೊದಿಸಿ ಬೇಟೆಗಾಗಿ ಮಾಡಿಕೊಂಡದ್ದೇ ಇದರ ಮೂಲರೂಪ. ನಮ್ಮದು ಪ್ಲಾಸ್ಟಿಕ್ಕಿನದು, 12 ಅಡಿ ಉದ್ದ, 25 ಕಿಲೋ ತೂಕ. ಸಂಸ್ಕೃತದಲ್ಲಿ ಉಡುಪ ಶಬ್ದಕ್ಕೆ ಚಿಕ್ಕ ತೆಪ್ಪವೆಂದೂ ಚಂದ್ರನೆಂದೂ ಎರಡರ್ಥಗಳಿವೆ. ಛಾವಣಿಯ ಮೇಲೆ ಬೋರಲಾಗಿ ಮಲಗಿದ್ದ ಆ ದೋಣಿಯನ್ನು ಕಂಡಾಗ ಎರಡೂ ಯುಕ್ತವೆಂದು ತೋರಿತು.

ಬೆಳಗಿನ ಜಾವದಲ್ಲಿಯೇ ಕಟ್ಟುವ ಕಾರ್ಯವು ಮೊದಲಾಯಿತು. ಛಾವಣಿಯ ಮೇಲೆ ಅಡ್ಡಲಾಗಿ ಎರಡು ಕಂಬಿಗಳು, ಅವುಗಳಿಗೆ ಮೆತ್ತೆ, ಮೆತ್ತೆಯ ಮೇಲೆ ದೋಣಿ. ಛಾವಣಿಯು ಎಷ್ಟು ಭಾರವನ್ನು ತಾಳುವುದೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕಂಬಿಗಳ ತೂಕವೂ ಆ ಲೆಕ್ಕಕ್ಕೇ ಸೇರುವುದು. ನೆರೆಮನೆಯ ರಾಯರು ಸ್ಕೂಟರಿನ ಹಿಂದೆ ಮೂಟೆ ಕಟ್ಟುವ ರಬ್ಬರು ಹಗ್ಗವನ್ನು ಪ್ರೀತಿಯಿಂದ ತಂದುಕೊಟ್ಟರು. ಹುಡುಗನು, "ಬೇಡಿ ರಾಯರೆ, ಗಾಳಿ ಎಳೆದರೆ ಇದು ಹಿಗ್ಗುತ್ತದೆ" ಎಂದು ವಿನಯದಿಂದ ಹಿಂದಿರುಗಿಸಿದನು. ಹಿಗ್ಗದ ನೇಯ್ದ ಪಟ್ಟಿಗಳೇ ಬೇಕು. ಅವನು ಒಂದೊಂದು ಕಂಬಿಗೂ ಒಂದೊಂದು ಪಟ್ಟಿಯಂತೆ ದೋಣಿಯ ಬೆನ್ನಮೇಲೆ ಹಾಯಿಸಿ, ಕಂಬಿಯ ಅಡಿಯಿಂದ ತಂದು, ಬಕಲಿನಿಂದ ಕೈಬಲದಷ್ಟೇ ಬಿಗಿದನು. ಲಾರಿಗಳಲ್ಲಿ ಬಳಸುವ ಹಲ್ಲುಗಾಲಿಯ ಬಿಗಿತವು ಪ್ಲಾಸ್ಟಿಕ್ಕನ್ನು ಒಳಕ್ಕೆ ತಗ್ಗಿಸಿಬಿಡುವುದಂತೆ. ಪಟ್ಟಿಯನ್ನು ಒಂದು ಸುತ್ತು ತಿರುಚಿದರೆ ಗಾಳಿಗೆ ಅದು ತಂಬೂರಿಯಂತೆ ಮೊರೆಯದು.

ಇಷ್ಟೇ ಸಾಕೆಂದು ತೋರುವುದು, ಸಾಲದು. ಗಾಳಿಯ ಬಲವು ವೇಗದ ವರ್ಗಕ್ಕನುಸಾರವಾಗಿ ಹೆಚ್ಚುವುದು. ಗಂಟೆಗೆ 40 ಕಿಲೋಮೀಟರಿನಲ್ಲಿದ್ದ ಒತ್ತಡವು 80ರಲ್ಲಿ ನಾಲ್ಮಡಿಯಾಗುವುದು. ದೋಣಿಯ ಮೂತಿಯು ಅದನ್ನೆಲ್ಲ ಎದುರಿಸಿ ಮೇಲಕ್ಕೇಳಲು ಯತ್ನಿಸುವುದು. ಆದಕಾರಣ ಮೂತಿಯಿಂದಲೂ ಬಾಲದಿಂದಲೂ, ಕೆಟ್ಟು ನಿಂತ ಗಾಡಿಯನ್ನೆಳೆಯಲು ಇರುವ ಕೊಂಡಿಗಳಿಗೆ ಹಗ್ಗಗಳನ್ನು ಕಟ್ಟಿದೆವು. ಮಿಕ್ಕ ತುದಿಯು ಜೋತುಬಿದ್ದು ಚಕ್ರಕ್ಕೆ ಸಿಕ್ಕದಂತೆ ಸುತ್ತಿಟ್ಟೆವು. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ.

ಆಯನೂರಿನಲ್ಲಿ ನಿಂತು ಪಟ್ಟಿಗಳನ್ನು ಮುಟ್ಟಿ ನೋಡಲಾಗಿ ಒಂದು ಬೆರಳಿನಷ್ಟು ಸಡಿಲಿತ್ತು. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಹೀಗೆ ಪರೀಕ್ಷಿಸುವುದು ಪದ್ಧತಿಯೆಂದು ಹುಡುಗನು ಹೇಳಿ, ಪುನಃ ಬಿಗಿದನು. ಸಾಗರದಲ್ಲಿ ಇಡ್ಲಿ, ಕಾಫಿ. ಹೋಟೆಲಿನ ಮುಂದೆ ಸೇರಿದ ಹುಡುಗರಿಗೆಲ್ಲ ದೋಣಿಯ ಜಾತಕವನ್ನು ಹೇಳಿ ನನ್ನ ಗಂಟಲೊಣಗಿತು. ಹಳೆಯ ಉದ್ಯೋಗದ ಚಾಳಿ!

ಜೋಗದಲ್ಲಿ 253 ಮೀಟರು ಧುಮುಕುವ ಶರಾವತಿಯು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ದೆಸೆಯಿಂದ, ಆ ದಿನ ಕೃಶಾಂಗಿಯಾಗಿದ್ದಳು. ಅಲ್ಲಿ ಬಿಸಿಲಲ್ಲಿ ಗಾಡಿ ನಿಂತಿದ್ದಷ್ಟು ಹೊತ್ತು ಪಟ್ಟಿಗಳನ್ನು ಸಡಿಲಿಸಿದೆವು. ಕಾದ ಪ್ಲಾಸ್ಟಿಕ್ಕು ಬಿಗಿದೆಡೆಯಲ್ಲಿ ತಗ್ಗುಬೀಳುವುದುಂಟು. ಹೊರಡುವಾಗ ಮರಳಿ ಬಿಗಿದದ್ದನ್ನು ನಾನೇ ಎರಡು ಸಲ ನೋಡಿದೆನು.

ಮಾವಿನಗುಂಡಿಯನ್ನು ದಾಟಿದರೆ ಗೇರುಸೊಪ್ಪೆಯ ಘಟ್ಟ. ಇಕ್ಕೆಲದಲ್ಲಿ ದಟ್ಟವಾದ ಕಾಡು, ತಿರುವಿನ ಮೇಲೆ ತಿರುವು. ಎದುರಿನಿಂದ ಲಾರಿಯೊಂದು ಹಾದಾಗ ಅದರ ಗಾಳಿಯ ಹೊಡೆತಕ್ಕೆ ಮೂತಿಯ ಹಗ್ಗವು ನಡುಗಿತು. ನಮ್ಮ ಹಿಂದೆ ಒಂದು ಮೋಟಾರು ಸೈಕಲ್. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು. ಹಗ್ಗ ಕಟ್ಟಿದ್ದು ನಮ್ಮ ದೋಣಿಗಾಗಿಯಲ್ಲ, ಆ ಮೂವರಿಗಾಗಿ ಎಂದು ಆಗ ನನಗೆ ತೋರಿತು. "ಮಾವ, ಅವರನ್ನು ಮುಂದೆ ಬಿಟ್ಟುಬಿಡೋಣವೆ?" ಎಂದನು ಹುಡುಗ. ಅಗಲವಾದ ಸ್ಥಳದಲ್ಲಿ ನಿಂತೆವು, ಅವರು ಹಾದುಹೋದರು. ಮಗು ದೋಣಿಯ ಕಡೆಗೆ ಕೈಬೀಸಿತು.

ಘಟ್ಟವಿಳಿದರೆ, ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ. ಚತುರ್ಮುಖ ಬಸದಿಯನ್ನು ನೋಡುವುದಕ್ಕೆ ಹೊತ್ತಿರಲಿಲ್ಲ.

ಹೊನ್ನಾವರದ ಅಳಿವೆಯಲ್ಲಿ ನದಿಯು ಸಮುದ್ರದಂತೆ ಹರಡಿಕೊಂಡಿರುವಳು. ದಡದಲ್ಲಿ ಕಾಂಡ್ಲಾ ಮರಗಳು ಬೇರುಗಳನ್ನು ಕೆಸರಿನಿಂದ ಮೇಲಕ್ಕೆತ್ತಿ ನಿಂತಿವೆ. ಮೊದಲು ತುದಿಗಳ ಹಗ್ಗ, ಆಮೇಲೆ ಪಟ್ಟಿಗಳನ್ನು ಬಿಚ್ಚಿ, ಇಬ್ಬರೂ ಒಂದೊಂದು ತುದಿಯನ್ನು ಹಿಡಿದು ಇಳಿಸಿದೆವು. ಬಲೆಯನ್ನು ಸರಿಪಡಿಸುತ್ತಿದ್ದ ವೃದ್ಧ ಬೆಸ್ತರೊಬ್ಬರು ಬಂದು ತಳವನ್ನು ತಟ್ಟಿ ನೋಡಿ, "ಹಗುರ ಉಂಟು. ಇಳಿತದ ಹೊತ್ತು, ಬಾಯಿಯ ಕಡೆ ಹೋಗಬೇಡಿ" ಎಂದರು. ಹುಡುಗನು ಜೀವರಕ್ಷಕ ಅಂಗಿಯನ್ನು ತೊಟ್ಟು, ಕಾಂಡ್ಲಾ ಕಾಡಿನ ಕಡೆಗೇ ಹುಟ್ಟುಹಾಕಿದನು.