ಅವ್ವನ ನೋವಿನ ಮಾತ್ರೆ

ಮಕ್ಕಳೇ, ಭತ್ತದ ನಾಟಿ ಮುಗಿಸಿ ಬಂದರೆ ನಮ್ಮ ಅವ್ವನಿಗೆ ಸೊಂಟ ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ಅಂಗಡಿಯಿಂದ ಐಬುಪ್ರೊಫೆನ್ ಮಾತ್ರೆ ತಂದುಕೊಡುತ್ತಿದ್ದವನು ನಾನೇ. ಗಂಟೆಯೊಳಗೆ ನೋವು ಇಳಿಯುತ್ತಿತ್ತು. ಬರಬರುತ್ತಾ ಅವ್ವ ದಿನವೂ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿಯೇ ಗದ್ದೆಗೆ ಹೋಗತೊಡಗಿದಳು. ಒಂದು ಬೆಳಗ್ಗೆ ಕಾಫಿಯ ಗಸಿಯಂತೆ ಕಪ್ಪಗೆ ವಾಂತಿಯಾಯಿತು. ಅದು ಜಠರದಲ್ಲಿ ಒಸರಿದ ರಕ್ತ ಎಂದರು ವೈದ್ಯರು. ನನ್ನ ಕೈಕಾಲು ತಣ್ಣಗಾದವು.

ಸೊಂಟದ ಮಾತ್ರೆಗೂ ಹೊಟ್ಟೆಗೂ ಏನು ಸಂಬಂಧ ಅಂತೀರಾ? ಪೆಟ್ಟಾದ ಕಡೆ ದೇಹವು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ನೋವು, ಊತ ಹೆಚ್ಚುವುದು ಅವುಗಳಿಂದಲೇ. 1961ರಲ್ಲಿ ಇಂಗ್ಲೆಂಡಿನ ಸ್ಟೂವರ್ಟ್ ಆಡಮ್ಸ್ ಮತ್ತು ಜಾನ್ ನಿಕೋಲ್ಸನ್ ರೂಪಿಸಿದ ಈ ಔಷಧ, ನೀರಿನಲ್ಲಿ ಸರಿಯಾಗಿ ಕರಗದ ಒಂದು ಬಿಳಿ ಪುಡಿ, ಆ ತಯಾರಿಕೆಯನ್ನು ತಡೆಯುತ್ತದೆ. ಆದರೆ ಜಠರವನ್ನು ಅದರದೇ ಆಮ್ಲದಿಂದ ಕಾಪಾಡುವ ಲೋಳೆ ಪದರಕ್ಕೂ ಪ್ರೊಸ್ಟಗ್ಲಾಂಡಿನ್ ಬೇಕಲ್ಲ! ಮಾತ್ರೆಗೆ ಸೊಂಟ ಯಾವುದು, ಹೊಟ್ಟೆ ಯಾವುದು ಎಂದು ತಿಳಿಯದು. ಊಟವಾದ ಮೇಲೆ ನುಂಗಿದರೂ ಅದು ರಕ್ತದಲ್ಲಿ ಬೆರೆತು ಎಲ್ಲೆಡೆ ಹೋಗುತ್ತದೆ. ಹಾಗಾಗಿ ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗುವುದು ಅಪಾಯ. ಡೆಂಗ್ಯೂ ಜ್ವರದಲ್ಲಂತೂ ಇದು ಬೇಡವೇ ಬೇಡ, ರಕ್ತಸ್ರಾವ ಹೆಚ್ಚಬಹುದು.

ಅವ್ವ ಗುಣವಾಗಲು ಎರಡು ತಿಂಗಳು ಹಿಡಿಯಿತು. ಉಳಿದ ನಾಟಿಗೆ ಅಪ್ಪನ ಜೊತೆ ನಾನೇ ಗದ್ದೆಗೆ ಇಳಿದೆ.