ಆವರಣ

ನನಗೂ ಗಣಿತಕ್ಕೂ ಎಣ್ಣೆ ಸೀಗೆಕಾಯಿಯ ನಂಟು. ಕನ್ನಡ ಮೇಷ್ಟರಿಗೆ ಇದೊಂದು ಭೂಷಣವೆಂದೇ ಕೆಲವರು ತಿಳಿದಿದ್ದಾರೆ. ನನಗೆ ಮಾತ್ರ ಅದು ಹಳೆಯ ಗಾಯ.

ಒಂಬತ್ತನೆಯ ತರಗತಿಯ ನನ್ನ ಮಗಳು ಈಗ ಪೈಥಾನ್ ಕಲಿಯುತ್ತಿದ್ದಾಳೆ. ಹಾವಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ, 1991ರಲ್ಲಿ ಹೊರಬಂದದ್ದು. ಹೆಸರು ಬಂದದ್ದೂ ಹಾವಿನಿಂದಲ್ಲವಂತೆ, ಇಂಗ್ಲೆಂಡಿನ ಒಂದು ಹಾಸ್ಯತಂಡದಿಂದ! ಮೊನ್ನೆ ಭಾನುವಾರ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾತದ ಪಾಠ ಹೇಳಿದಳು. ನಾವು ಸಂಖ್ಯೆಯ ಹೆಗಲ ಮೇಲೆ ಚಿಕ್ಕದಾಗಿ ಬರೆಯುವ ಅಂಕಿಗೆ ಅಲ್ಲಿ ಎಡೆಯಿಲ್ಲ. ನಡುವೆ ಎರಡು ನಕ್ಷತ್ರ ಇಡಬೇಕು. 2**10 ಎಂದರೆ 1024. 2**64 ಎಂದೊಡನೆ 18446744073709551616 — ಇಪ್ಪತ್ತು ಅಂಕಿ, ಕಣ್ಣು ಮಿಟುಕಿಸುವುದರೊಳಗೆ. ನಾನು ಜಾಣತನ ತೋರಲು ಹೋಗಿ, ಬೇರೆಲ್ಲೋ ಕಂಡಿದ್ದ ಟೋಪಿಯಂಥ ಗುರುತು ಹಾಕಿ 2^3 ಎಂದೆ. 8ರ ಬದಲು 1 ಬಂತು! "ಆ ಗುರುತಿಗೆ ಇಲ್ಲಿ ಬೇರೆ ಕೆಲಸ ಇದೆ ಅಪ್ಪಾ" ಎಂದು ನಕ್ಕಳು.

ಆಮೇಲೆ ಸುಮ್ಮನೆ -2**2 ಎಂದು ಒತ್ತಿದೆ. ಉತ್ತರ, -4.

ನನ್ನ ಕೈ ಅಲ್ಲೇ ನಿಂತಿತು.

ಏಳನೆಯ ತರಗತಿಯಲ್ಲಿ ನಮಗೆ ಗಣಿತ ಹೇಳುತ್ತಿದ್ದವರು ನಮ್ಮ ತಂದೆಯೇ. ಪರೀಕ್ಷೆಯ ದಿನ ಹಲಗೆಯ ಮೇಲೆ −2² ಎಂದು ಬರೆದರು. ನಾನು −4 ಎಂದು ಉತ್ತರಿಸಿದೆ. ಋಣವನ್ನು ಋಣದಿಂದ ಗುಣಿಸಿದರೆ ಧನ, ಉತ್ತರ 4 ಎಂದು ಕೆಂಪು ಶಾಯಿ ಹೇಳಿತು. ವರ್ಗ ಎರಡಕ್ಕೆ ಮಾತ್ರವಲ್ಲವೆ ಎಂದು ವಾದಿಸಿದೆ. ಇಡೀ ತರಗತಿಯ ಮುಂದೆ ಬೆತ್ತ ಬಿತ್ತು. ಅಂದು ಗಣಿತಕ್ಕೆ ಬೆನ್ನು ತಿರುಗಿಸಿದವನು ಬಂದು ಕನ್ನಡದ ಮನೆ ಸೇರಿದೆ.

ಸೇರಿದರೇನು, ಪಾಠ ಅದೇ! "ಹಳೆಯ ಪುಸ್ತಕದ ಅಂಗಡಿ" ಎಂದರೆ ಹಳತಾದದ್ದು ಪುಸ್ತಕವೋ ಅಂಗಡಿಯೋ ಎಂದು ಪ್ರತಿವರ್ಷ ಹುಡುಗರನ್ನು ಕೇಳುತ್ತೇನೆ. ಯಾವುದು ಯಾವುದಕ್ಕೆ ಮೊದಲು ಅಂಟಿಕೊಳ್ಳುತ್ತದೆ ಎಂಬುದೇ ಅಲ್ಲಿಯೂ ಪ್ರಶ್ನೆ. ಪೈಥಾನಿನಲ್ಲಿ ಘಾತ ಮೊದಲು ಅಂಟುತ್ತದೆ, ಎಡಗಡೆಯ ಋಣಚಿಹ್ನೆ ಆಮೇಲೆ. ಗಣಿತದ ರೂಢಿಯೂ ಅದೇ ಎಂದು ಮಗಳು ತನ್ನ ಪಠ್ಯಪುಸ್ತಕ ತೆರೆದು ತೋರಿಸಿದಳು.

ಯಂತ್ರವನ್ನೆತ್ತಿಕೊಂಡು ತಂದೆಯವರ ಕೋಣೆಗೆ ಹೋದೆ. ಎಂಬತ್ತು ದಾಟಿದವರು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಆವರಣ ಹಾಕಿ ನೋಡಮ್ಮ" ಎಂದರು ಮೊಮ್ಮಗಳಿಗೆ. ಅವಳು (-2)**2 ಎಂದು ಒತ್ತಿದಳು. 4 ಬಂತು.

"ಹೂಂ" ಎಂದವರು ನನ್ನತ್ತ ತಿರುಗಿದರು. "ಅವತ್ತು ನಾನು ಆವರಣ ಹಾಕಿರಲಿಲ್ಲ, ಅಲ್ಲವೇನೋ?"

"ನೆನಪಿಲ್ಲ ಅಪ್ಪ" ಎಂದೆ.