ಒಂದು ಕೂಡಿಸಿದರೆ ಎಷ್ಟು?

ಸಿ ಭಾಷೆಯಲ್ಲಿ ನನಗೆ ಬಲು ಇಷ್ಟವಾದದ್ದು ಪಾಯಿಂಟರ್. ಹೆಸರು ಕೇಳಿದರೇ ಹುಡುಗರು ಹೆದರುತ್ತಾರೆ. ಹೆದರುವಂಥದ್ದು ಅಲ್ಲೇನೂ ಇಲ್ಲ. ಮೆಮೊರಿ ಎಂದರೆ ಸಾಲಾಗಿ ನಂಬರು ಹಾಕಿಟ್ಟ ಬೈಟ್‌ಗಳು. ವೇರಿಯಬಲ್ ಕುಳಿತಿರುವ ಜಾಗದ ನಂಬರೇ ಅದರ ವಿಳಾಸ. ಹೆಸರಿನ ಎಡಕ್ಕೆ & ಹಾಕಿದರೆ ವಿಳಾಸ ಸಿಗುತ್ತದೆ. ಆ ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್ಲೇ ಪಾಯಿಂಟರ್. ಅದರ ಎಡಕ್ಕೆ * ಹಾಕಿದರೆ ಆ ಜಾಗದಲ್ಲಿರುವ ಬೆಲೆ ಕೈಗೆ ಬರುತ್ತದೆ.

ಇದನ್ನು ಕೀಬೋರ್ಡು ಬದಿಗಿಟ್ಟು, ಪೆನ್ಸಿಲ್ ಹಿಡಿದು ಕಲಿಯಬೇಕು. ಒಂದು ಚೌಕ, ಒಳಗೆ ಬೆಲೆ, ಕೆಳಗೆ ವಿಳಾಸ. ಪಾಯಿಂಟರಿಗೆ ಇನ್ನೊಂದು ಚೌಕ, ಅಲ್ಲಿಂದ ಒಂದು ಬಾಣ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಫಂಕ್ಷನ್ನಿಗೆ ವಿಳಾಸಗಳನ್ನೇ ಏಕೆ ಕೊಡಬೇಕು? ಬರೀ ಸಂಖ್ಯೆ ಕೊಟ್ಟರೆ ಅದಕ್ಕೆ ಸಿಗುವುದು ನಕಲು. ನಕಲನ್ನು ಎಷ್ಟು ಅದಲುಬದಲು ಮಾಡಿದರೂ ಮೂಲ ಮಿಸುಕುವುದಿಲ್ಲ. ಚಿತ್ರ ಬರೆದರೆ ಇದು ಕಣ್ಣಿಗೇ ಕಾಣುತ್ತದೆ.

ನಿಜವಾದ ಸೊಗಸು ಮುಂದಿದೆ. ಪಾಯಿಂಟರಿನಲ್ಲಿ 1000 ಇದೆ, ಅದಕ್ಕೆ 1 ಕೂಡಿಸಿದೆವು ಎನ್ನಿ. ಅದು ಕ್ಯಾರೆಕ್ಟರ್ ಪಾಯಿಂಟರ್ ಆಗಿದ್ದರೆ 1001. ಇಂಟಿಜರ್ ಪಾಯಿಂಟರ್ ಆಗಿದ್ದರೆ ಇಂದಿನ ಬಹುಪಾಲು ಯಂತ್ರಗಳಲ್ಲಿ 1004! ಒಂದು ಎಂದರೆ ಒಂದು ಬೈಟ್ ಅಲ್ಲ, ಸಾಲಿನಲ್ಲಿ ಮುಂದಿನದು. ತಾನು ತೋರಿಸುತ್ತಿರುವುದು ಎಂಥದ್ದು, ಅಂದರೆ ಅದರ ಟೈಪ್ ಯಾವುದು ಎಂಬ ತಿಳಿವಳಿಕೆ ಪಾಯಿಂಟರಿನ ಜೊತೆಗೇ ಇರುತ್ತದೆ. ಸಿ ಭಾಷೆಯ ಹಿಂದಿನ ತಲೆಮಾರಾದ ಬಿ ಭಾಷೆಯಲ್ಲಿ ಇಂಥ ಟೈಪ್‌ಗಳೇ ಇರಲಿಲ್ಲ. ಬೈಟ್ ಬೈಟಿಗೂ ವಿಳಾಸವಿದ್ದ ಪಿಡಿಪಿ-11 ಯಂತ್ರ ಈ ಭಾಷೆಗಳ ತವರಾದ ಬೆಲ್ ಲ್ಯಾಬ್ಸಿಗೆ ಬಂದಾಗ, ಬೈಟ್ ಲೆಕ್ಕದಲ್ಲಿರದ ಬಿ ಭಾಷೆಯ ಪಾಯಿಂಟರನ್ನು ಬಳಸಿದಾಗಲೆಲ್ಲ ಯಂತ್ರ ಅದನ್ನು ಬೈಟ್ ಲೆಕ್ಕಕ್ಕೆ ಬದಲಿಸಿಕೊಳ್ಳಬೇಕಾಗಿತ್ತು. ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿ 1970ರ ದಶಕದ ಮೊದಲ ವರ್ಷಗಳಲ್ಲಿ ಭಾಷೆಗೆ ಟೈಪ್‌ಗಳನ್ನು ತಂದದ್ದಕ್ಕೆ ಈ ತೊಡಕೂ ಒಂದು ಕಾರಣ. ಎಷ್ಟು ಚೊಕ್ಕ ಪರಿಹಾರ!

ಇಷ್ಟು ತಿಳಿದ ಮೇಲೆ ಅರೇಯ, ಅಂದರೆ ಒಂದೇ ಟೈಪಿನ ಬೆಲೆಗಳ ಸಾಲಿನ ಗುಟ್ಟೂ ಬಿಚ್ಚಿಕೊಳ್ಳುತ್ತದೆ. ಅ ಎಂಬ ಅರೇ ಇದ್ದು, ಅ[3] ಎಂದು ಬರೆದರೆ ಕಂಪೈಲರ್ ಅದನ್ನು *(ಅ+3) ಎಂದೇ ಓದುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದು ಅದಕ್ಕೇ: ಮೊದಲನೆಯದು ಆರಂಭದಿಂದ ಸೊನ್ನೆ ದೂರದಲ್ಲಿದೆ. ಕೂಡಿಸುವಾಗ ಯಾವುದು ಮೊದಲಾದರೂ ಒಂದೇ ಅಲ್ಲವೇ? ಹಾಗಾಗಿ 3[ಅ] ಎಂದು ಬರೆದರೂ ಸಿ ಒಪ್ಪುತ್ತದೆ. ಕೆಲಸದಲ್ಲಿ ಯಾರೂ ಹಾಗೆ ಬರೆಯಬಾರದು, ಆದರೆ ಒಮ್ಮೆ ಬರೆದು ಓಡಿಸಿ ನೋಡಲೇಬೇಕು.

ಗಡಿಯ ನಿಯಮವೂ ನನಗೆ ಅಚ್ಚುಮೆಚ್ಚು. ಅರೇಯ ಕೊನೆಯದನ್ನು ದಾಟಿ ಒಂದೇ ಒಂದು ಸ್ಥಾನದಾಚೆಗೆ ಪಾಯಿಂಟರನ್ನು ನಿಲ್ಲಿಸಬಹುದು. ಅಲ್ಲಿಗೆ ತಲುಪಿದೆವೇ ಎಂದು ಹೋಲಿಸಿ ಲೂಪ್ ಮುಗಿಸಬಹುದು. ಅಲ್ಲಿ * ಹಾಕಿ ಓದುವಂತಿಲ್ಲ. ಓದಲು ಹೊರಟರೆ ಸಿ ತಡೆಯುವುದೂ ಇಲ್ಲ. ಆ ಎಚ್ಚರವನ್ನು ಅದು ಬರೆಯುವವರಿಗೇ ಬಿಟ್ಟಿದೆ.